ಬಾಡಿಗೆ ತವರು

ಪೈಪಿನ ತುದಿಯನ್ನು ಮೂರನೆಯ ಬ್ಯಾರಲ್ಲಿಗೆ ಎತ್ತಿ ಹಾಕುವಷ್ಟರಲ್ಲಿ ಪ್ರಭಾವತಿಯ ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು. ಗೋಪನಕೊಪ್ಪದ ಆ ಓಣಿಗೆ ನಳದ ನೀರು ಬಂದು ಎಂಟು ದಿನವಾಗಿತ್ತು. ಇವತ್ತು ಬಂದಿದೆ, ಎಷ್ಟು ಹೊತ್ತು ಇರುತ್ತದೆಂದು ನೀರು ಬಿಟ್ಟವನಿಗೂ ಗೊತ್ತಿರಲಿಲ್ಲ. ಹಂಡೆ, ಕೊಡ, ಬಕೀಟು, ಕೊನೆಗೆ ಸಾರಿನ ಬೋಗುಣಿಯನ್ನೂ ತಂದು ಸಾಲಿಗಿಟ್ಟಿದ್ದಳು. ಅತ್ತೆ ಶರಣವ್ವನಿಗೆ ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ಕಟ್ಟೆಯ ಮೇಲೆ ಕೂತು, ನೀರಿನ ಸಪ್ಪಳದಲ್ಲೇ ಯಾವ ಪಾತ್ರೆ ತುಂಬಿತೆಂದು ಹೇಳುತ್ತಿದ್ದಳು.

“ತುಂಬೇತಿ, ತಗೀ ಬೇ. ಚೆಲ್ಲಾಕತ್ತೈತಿ.”

ಅಷ್ಟರಲ್ಲಿ ಬಸಣ್ಣನ ಸ್ಕೂಟರು ಬಂದು ಸರಿಯಾಗಿ ಪೈಪಿನ ಮೇಲೆಯೇ ನಿಂತಿತು. ಬ್ಯಾರಲ್ಲಿಗೆ ಬೀಳುತ್ತಿದ್ದ ನೀರು ನಿಂತುಹೋಯಿತು.

“ಗಾಲಿ ತಗಿಯೋ ಮಾರಾಯಾ! ಎಂಟ ದಿನದ ನೀರಿನ ಮ್ಯಾಲೆ ನಿಂತೀಯಲ್ಲ!”

ಬಸಣ್ಣ ಹಲ್ಲು ಕಿರಿದು ಸ್ಕೂಟರನ್ನು ಹಿಂದಕ್ಕೆ ಸರಿಸಿದ. ಅದೇ ಓಣಿಯವನು. ಪ್ರಭಾವತಿಯ ಜೊತೆಗೂಡಿ ಬೀಸುಕಲ್ಲಿನ ಪಕ್ಷಕ್ಕೆ ವರ್ಷಾನುಗಟ್ಟಲೆ ಕರಪತ್ರ ಹಂಚಿದವನು. ಇವತ್ತು ಅವನ ಕೊರಳಲ್ಲಿ ಛತ್ರಿಯ ಚಿತ್ರವಿದ್ದ ನೇರಳೆ ಶಾಲು ಜೋಲುತ್ತಿತ್ತು. ಆ ಓಣಿಯಲ್ಲಿ ಪಕ್ಷಗಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಮತಯಂತ್ರದ ಮೇಲಿನ ಗುರುತೇ ಹೆಸರು. ಇವರು ಬೀಸುಕಲ್ಲು, ಅವರು ಛತ್ರಿ.

“ಅಕ್ಕಾರ, ಸಂಜೀಕ ನಾಕಕ್ಕ ದಾಕ್ಷಾಯಿಣಿ ಅಕ್ಕಾವ್ರು ಬರಾಕತ್ತಾರ. ನಾಳೆ ನಾಮಪತ್ರ ಹಾಕ್ತಾರ. ಹೋದ ಸರ್ತಿ ಎಲ್ಲಿ ಉಡಿ ತುಂಬಿಸಿಕೊಂಡಿದ್ರೋ ಅದೇ ಬೇವಿನ ಕಟ್ಟಿ ಮ್ಯಾಲೆ, ಅದೇ ಹೆಣ್ಣಮಕ್ಕಳ ಕೈಲೆ ತುಂಬಿಸಿಕೋಬೇಕಂತ ಹಟಾ ಹಿಡದಾರ. ಮೊದಲನೇ ಹಿಡಿ ನಿಮ್ಮದಂತ.”

“ನಾ ಇನ್ನೂ ಬೀಸುಕಲ್ಲಿನಾಕಿ ಅದೇನಿ, ಬಸಣ್ಣಾ.”

“ಪಕ್ಷ ಬದಲಾದ್ರೇನಾತ್ರಿ? ಮನಷ್ಯಾರು ಅವರೇ ಅಲ್ರಿ?”

ಕಟ್ಟೆಯ ಮೇಲಿಂದ ಶರಣವ್ವ ಬಾಯಿ ಹಾಕಿದಳು. “ನಮ್ಮ ಕಾಲದಾಗ ಪಕ್ಷ ವರ್ಷಕ್ಕೊಮ್ಮೆ ಬರ್ತಿತ್ತಪಾ. ಸತ್ತ ಹಿರೇರಿಗೆ ಎಡಿ ಇಡ್ತಿದ್ರು. ನಿಮ್ಮ ಪಕ್ಷ ಬೇಕಂದಾಗ ಬರತೈತಿ, ಎಡಿ ಮಾತ್ರ ಬದುಕಿದ್ದಾವ್ರೇ ತಿಂತಾರ.”

“ಆಯೀ, ನೀವು ವಿಧಾನಸಭಾದಾಗ ಇರಬೇಕಿತ್ರಿ!”

“ಇದ್ದಿದ್ರ ನನ್ನೂ ಯಾವುದರೇ ರೆಸಾರ್ಟಿಗೆ ಹೊತ್ಕೊಂಡ ಹೋಗ್ತಿದ್ರು. ದಿನಾ ನೀರರೇ ಸಿಗ್ತಿತ್ತು.”

ಬಸಣ್ಣ ಹೊಟ್ಟೆ ತುಂಬ ನಕ್ಕ. ಹೋಗುವಾಗ, “ಸಂಜೀಕ ಬರ್ರಿ ಅಕ್ಕಾರ, ನೀವು ಬರಲಿಲ್ಲಂದ್ರ ನನ್ನ ಮಾನ ಹೋಗತೈತಿ” ಎಂದು ಕೈಮುಗಿದ. ಅವನಿಗೂ ಮಾನವೆಂಬುದು ಉಳಿದಿತ್ತಲ್ಲ ಎಂದುಕೊಂಡು ಪ್ರಭಾವತಿ ಪೈಪನ್ನು ಬೋಗುಣಿಗೆ ಹಿಡಿದಳು.

ಮಡಿಲಿಗೆ ಅಕ್ಕಿ, ಖಣ ಹಾಕಿ ಉಡಿ ತುಂಬುವ ವಿಚಾರ ಹೋದ ಚುನಾವಣೆಯಲ್ಲಿ ಹುಟ್ಟಿದ್ದೇ ಪ್ರಭಾವತಿಯ ತಲೆಯಲ್ಲಿ. ಗಂಡ ತೀರಿಕೊಂಡ ಮೇಲೆ ಆಕೆ ಬೀಸುಕಲ್ಲಿನ ಮಹಿಳಾ ಘಟಕಕ್ಕೆ ಸೇರಿ ಇಪ್ಪತ್ತು ವರ್ಷ ದುಡಿದಿದ್ದಳು. ಗಂಡ ಸತ್ತವಳು ಉಡಿ ತುಂಬಬಾರದೆಂಬ ಕಟ್ಟು ಆ ಓಣಿಯಲ್ಲಿರಲಿಲ್ಲ. ಪಕ್ಷ ಆ ಸಲ ದಾಕ್ಷಾಯಿಣಿಗೆ ಟಿಕೆಟ್ ಕೊಟ್ಟಾಗ ಓಣಿಯವರು ಮೂಗು ಮುರಿದರು. ದೊಡ್ಡ ಹತ್ತಿ ವ್ಯಾಪಾರಿಯ ಸೊಸೆ, ಹೊರಗಿನವಳು, ಈಕೆಗೆ ನಮ್ಮ ನಳದ ಗೋಳು ಏನು ಗೊತ್ತು ಎಂದರು. ಹೊರಗಿನವಳನ್ನು ಒಳಗಿನವಳನ್ನಾಗಿ ಮಾಡಲು ಹೆಂಗಸರ ಹತ್ತಿರ ಇರುವುದು ಒಂದೇ ದಾರಿ. ಪ್ರಭಾವತಿ ಮನೆಮನೆಗೆ ಹೋಗಿ ಹೇಳಿದಳು: ಒಂದೊಂದು ಹಿಡಿ ಅಕ್ಕಿ ತರ್ರಿ, ಉಡಿ ತುಂಬೂಣು, ನಮ್ಮ ಮಗಳನ್ನಾಗಿ ಮಾಡಿಕೊಳ್ಳೂಣು.

ಎದುರು ಮನೆಯ ಹಾಜರಾಬಿ ಮಾತ್ರ ಅನುಮಾನಿಸಿದ್ದಳು. ಬಳೆ ಅಂಗಡಿಯವಳು, ಕೈ ಮುಟ್ಟಿದರೆ ಬಳೆಯ ಅಳತೆ ಹೇಳುವಂತೆ ಮುಖ ನೋಡಿ ಮನುಷ್ಯರ ಅಳತೆಯನ್ನೂ ಹೇಳುತ್ತಿದ್ದಳು. “ನಾಳೆ ಬಿಟ್ಟ ಹೋದ್ರ?” ಎಂದು ಕೇಳಿದ್ದಳು.

“ಉಡಿ ತುಂಬಿಸಿಕೊಂಡ ಮಗಳು ತವರಿಗೆ ಎರಡು ಬಗಿಯಂಗಿಲ್ಲ. ಅದಕ್ಕ ನಾ ಜಾಮೀನು” ಎಂದಿದ್ದಳು ಪ್ರಭಾವತಿ.

ಆ ಮಾತಿಗೆ ಹಾಜರಾಬಿ ತನ್ನ ಮಗಳು ಜರೀನಾಳ ಮದುವೆಗೆಂದು ತೆಗೆದಿರಿಸಿದ್ದ ಗುಳೇದಗುಡ್ಡದ ಹಸಿರು ಕುಪ್ಪಸದ ಖಣವನ್ನು ತಂದು ಉಡಿಗೆ ಹಾಕಿದಳು. ಎದುರಾಳಿ ಶಾಂತಯ್ಯ ಆಗ ಛತ್ರಿಯವನು. ಮರುದಿನ ಮೈಕಿನಲ್ಲಿ, “ಅದೇನು ತವರ್ರಿ? ಬಾಡಿಗಿ ತವರು!” ಎಂದು ಅಣಕಿಸಿದ. ಅದೊಂದು ಮಾತಿಗೆ ಓಣಿಯ ಹೆಂಗಸರೆಲ್ಲ ಸೆರಗು ಬಿಗಿದು ಹೋಗಿ ಮತ ಒತ್ತಿ ಬಂದರು. ದಾಕ್ಷಾಯಿಣಿ ಗೆದ್ದಳು.

ಇನ್ನೂರಾ ಇಪ್ಪತ್ನಾಲ್ಕು ಮಂದಿಯ ಸಭೆಯಲ್ಲಿ ಬೀಸುಕಲ್ಲಿಗೆ ನೂರಾ ಹದಿನಾರು, ಛತ್ರಿಗೆ ನೂರಾ ಎಂಟು. ಆ ನೂರಾ ಹದಿನಾರರಲ್ಲಿ ಒಂದು ನಮ್ಮ ಓಣಿಯದು ಎಂದು ಹೆಂಗಸರು ನಳದ ಸಾಲಿನಲ್ಲಿ ನಿಂತು ಹೆಮ್ಮೆ ಪಟ್ಟರು. ವರ್ಷ ತುಂಬುವುದರೊಳಗೆ ಟಿವಿಯಲ್ಲಿ ರೆಸಾರ್ಟಿಗೆ ಹೊರಟ ಒಂದು ಬಸ್ಸು ಕಾಣಿಸಿತು. ಅದರ ಕಿಟಕಿಯಲ್ಲಿ ಮುಖಕ್ಕೆ ಸೆರಗು ಅಡ್ಡ ಹಿಡಿದಿದ್ದವಳು ದಾಕ್ಷಾಯಿಣಿ. ಆಕೆಯೂ ಸೇರಿ ಒಂಬತ್ತು ಮಂದಿ ರಾಜೀನಾಮೆ ಕೊಟ್ಟರು. ನೂರಾ ಹದಿನಾರು ಇದ್ದದ್ದು ನೂರಾ ಏಳಾಯಿತು. ಸರ್ಕಾರ ಬಿತ್ತು, ಛತ್ರಿಯವರು ಬಂದರು.

ಆ ದಿನ ಶರಣವ್ವ ಟಿವಿಯ ಕಡೆ ಕಿವಿ ಕೊಟ್ಟು ಕೇಳಿದ್ದಳು. “ಅಲ್ಲ ಬೇ, ನಾವು ಹಾಕಿದ ಓಟು ಈಗ ನೂರಾ ಏಳರಾಗ ಐತೋ, ನೂರಾ ಎಂಟರಾಗ ಐತೋ?”

“ಯಾವುದರಾಗೂ ಇಲ್ಲತ್ತೀ. ಕಳದ ಬಿಟ್ಟಾರ.”

ಅದಾದ ಮೇಲೆ ನಳದ ಸಾಲಿನಲ್ಲಿ ಚುಚ್ಚುಮಾತು ಶುರುವಾಯಿತು. “ಏನ್ರೀ ಜಾಮೀನದಾರಿಣಿ, ನಿಮ್ಮ ಮಗಳು ಯಾವ ಊರಾಗ ಅದಾಳ?” ಎಂದು ಒಬ್ಬಳೆಂದರೆ, “ಬಾಣಂತನಕ್ಕ ಹೋಗ್ಯಾಳ, ಸರ್ಕಾರ ಹಡದ ಮ್ಯಾಲೆ ಬರ್ತಾಳ” ಎಂದು ಇನ್ನೊಬ್ಬಳು. ಹಾಜರಾಬಿ ಮಾತ್ರ ಏನೂ ಅನ್ನಲಿಲ್ಲ. ಬೈದವರ ಮಾತನ್ನು ಪ್ರಭಾವತಿ ಮರೆತಳು, ಬೈಯದೆ ಇದ್ದವಳ ಮೌನ ಎದೆಯಲ್ಲಿ ಕೂತಿತು. ಜಾಮೀನು ಬಿದ್ದವಳು ತಾನಾದರೂ ಸ್ಥಾನ ಬಿಟ್ಟು ಓಣಿಗೆ ಮುಖ ತೋರಿಸಬೇಕೆಂದು ಪಕ್ಷಕ್ಕೆ ರಾಜೀನಾಮೆ ಬರೆದು ಜಿಲ್ಲಾ ಅಧ್ಯಕ್ಷರ ಕಚೇರಿಗೆ ಒಯ್ದಳು.

ಅಧ್ಯಕ್ಷರು ಕೂರಿಸಿ ಚಹಾ ತರಿಸಿದರು. ಪತ್ರವನ್ನು ಬಿಚ್ಚಿಯೂ ನೋಡಲಿಲ್ಲ. “ನೀವು ಹೋದ್ರ ಹೆಂಗ್ರಿ ಪ್ರಭಾವತಿಯವರ? ಪಾಲಿಕೆ ಚುನಾವಣೆ ಬರಾಕತ್ತೈತಿ. ನಿಮ್ಮ ವಾರ್ಡು ಮಹಿಳಾ ಮೀಸಲು ಆಗೋದು ಪಕ್ಕಾ. ಟಿಕೀಟು ನಿಮಗಲ್ಲದ ಇನ್ಯಾರಿಗೆ ಕೊಡಬೇಕು?”

ಇಪ್ಪತ್ತು ವರ್ಷ ಸಭೆಗಳಿಗೆ ಕುರ್ಚಿ ಹೊತ್ತು ಹಾಕಿದವಳಿಗೆ ಒಂದು ಕುರ್ಚಿ ತೋರಿಸಿದ್ದರು. ಚಹಾ ಕುಡಿದು, ಪತ್ರವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಬಂದಳು. ಅದು ಟ್ರಂಕಿನೊಳಗೆ ಸೀರೆಗಳ ಅಡಿ ಸೇರಿತು. ಪಾಲಿಕೆ ಚುನಾವಣೆ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕೋರ್ಟಿನ ತಕರಾರಿನಿಂದ ದಾಕ್ಷಾಯಿಣಿ ಬಿಟ್ಟ ಸ್ಥಾನದ ಈ ಉಪಚುನಾವಣೆಯೂ ವರ್ಷಕ್ಕೂ ಮೇಲೆ ತಡವಾಯಿತು. ಇಂದು ಕಳಿಸುತ್ತೇನೆ, ನಾಳೆ ಕಳಿಸುತ್ತೇನೆ ಎಂದುಕೊಳ್ಳುತ್ತಲೇ ಆಕೆ ಸೀರೆಗಳನ್ನು ತೆಗೆದು ಮತ್ತೆ ಇಡುತ್ತಿದ್ದಳು.

ಹೋದ ವಾರ ಬೀಸುಕಲ್ಲಿನ ಟಿಕೆಟ್ ಘೋಷಣೆಯಾಯಿತು. ಅಭ್ಯರ್ಥಿ ಶಾಂತಯ್ಯ! ದಾಕ್ಷಾಯಿಣಿ ಛತ್ರಿಗೆ ಹೋದಳೆಂದು ಮುನಿಸಿಕೊಂಡು ಆತ ಬೀಸುಕಲ್ಲಿಗೆ ಬಂದಿದ್ದ. ಹೋದ ಸಲದ ಅದೇ ಇಬ್ಬರು, ಅದೇ ಕ್ಷೇತ್ರ, ಗುರುತು ಮಾತ್ರ ಅದಲು ಬದಲು.

ಇವತ್ತು ನಳದ ನೀರು ನಿಂತ ಮೇಲೆ ಹಾಜರಾಬಿ ಖಾಲಿ ಕೊಡ ಹಿಡಿದು ಬಂದಳು. ಆಕೆಯ ನಳದಲ್ಲಿ ಗಾಳಿಯಷ್ಟೇ ಬಂದಿತ್ತು. ಪ್ರಭಾವತಿ ಬ್ಯಾರಲ್ಲಿನಿಂದ ಚರಿಗೆಯಲ್ಲಿ ಮೊಗೆದು ಹಾಕುತ್ತಿರುವಾಗ ಫೋನು ಬಂತು. ಅಧ್ಯಕ್ಷರ ಕಚೇರಿಯಿಂದ. ನಾಳೆ ಬೆಳಿಗ್ಗೆ ಶಾಂತಯ್ಯನವರು ಓಣಿಗೆ ಬರುತ್ತಾರೆ, ಹೆಣ್ಣುಮಕ್ಕಳನ್ನು ಕೂಡಿಸಿ ಆರತಿ ಮಾಡಿಸಬೇಕು, ವಾರ್ಡಿನ ವಿಷಯ ಸಾಹೇಬರ ಲಕ್ಷ್ಯದಲ್ಲಿದೆ. ಫೋನು ಜೋರಾಗಿತ್ತು, ಹಾಜರಾಬಿಗೂ ಎಲ್ಲ ಕೇಳಿಸಿತು.

“ಸಂಜೀಕ ಹೋಗೂಣೇನು?” ಎಂದು ಪ್ರಭಾವತಿ ಮಾತು ತಿರುಗಿಸಿದಳು.

“ನೀ ಹೋದ್ರ ಬರ್ತೇನಿ. ಆವಾಗೂ ನಿನ್ನ ಮಾತಿಗೇ ಬಂದಿದ್ನೆಲ್ಲ.”

“ಬ್ಯಾಡಂದ್ರ?”

“ಬ್ಯಾಡಂದ್ರ ಅಂಗಡ್ಯಾಗ ಕುಂದರತೇನಿ. ಆದ್ರ ಪ್ರಭಕ್ಕಾ, ಇವತ್ತ ಆಕಿ ಮುಂದ ಮಾರಿ ತಿರವಿ ನಾಳೆ ಈತನ ಮುಂದ ಆರತಿ ಹಿಡದ್ರ, ನನ್ನ ಖಣ ಯಾರ ಪಾಲಾತು?” ಹಾಜರಾಬಿ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡಳು. “ಟಿಕೀಟಿನ ಆಸೆ ಇದ್ರ ಇರ್ಲಿ, ನಾ ತಪ್ಪ ತಿಳ್ಕೊಳ್ಳಂಗಿಲ್ಲ. ನೀ ನಿಂತ್ರ ನನ್ನ ಓಟು ನಿನಗೇ. ಇನ್ನೊಬ್ಬರ ಸಲುವಾಗಿ ಜಾಮೀನು ಮಾತ್ರ ಬೀಳಬ್ಯಾಡ.”

ನಾಲ್ಕಕ್ಕೆ ಎಂದವರು ಐದೂವರೆಗೆ ಬಂದರು. ಅವರಿಗಿಂತ ಮುಂಚೆ ಒಂದು ಟೆಂಪೋ ಬಂತು. ಅದರಿಂದ ಅಕ್ಕಿ ಚೀಲ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣ ಕೊಂಬು, ನೇರಳೆ ಖಣಗಳ ಗಂಟು ಇಳಿದವು. ಬೇವಿನ ಕಟ್ಟೆಯ ಮುಂದೆ ಬಸಣ್ಣ ಹೆಂಗಸರನ್ನು ಸಾಲು ನಿಲ್ಲಿಸಿ ಒಬ್ಬೊಬ್ಬರ ಕೈಗೂ ತುಂಬಿದ ತಟ್ಟೆ ಕೊಟ್ಟ. ಖಣ ಎರಡೆರಡು: ಒಂದು ಉಡಿಗೆ, ಇನ್ನೊಂದು ತುಂಬಿದವಳು ಮನೆಗೆ ಒಯ್ಯಲು.

“ಆಯೋಗದವರು ಹಿಡದ್ರ ಏನ್ ಮಾಡ್ತಿ?” ಎಂದು ಯಾರೋ ಕೇಳಿದರು.

“ಉಡಿ ತುಂಬೋದು ನಮ್ಮ ಪದ್ಧತಿ ಐತ್ರಿ. ಪದ್ಧತಿಗೆಲ್ಲಿ ನೀತಿಸಂಹಿತೆ?”

ದಾಕ್ಷಾಯಿಣಿ ನೇರಳೆ ಇಳಕಲ್ ಸೀರೆಯುಟ್ಟು ಇಳಿದಳು. ಮುದುಕಿಯರ ಕಾಲು ಮುಟ್ಟಿದಳು. ಪ್ರಭಾವತಿಯನ್ನು ಕಂಡವಳೇ ತಬ್ಬಿಕೊಂಡು, “ಎಷ್ಟ ಸೊರಗೀಯಲ್ಲ ಪ್ರಭಕ್ಕಾ!” ಎಂದಳು. ಆಮೇಲೆ ಕಟ್ಟೆ ಹತ್ತಿ ಮೈಕು ಹಿಡಿದಳು.

“ಎಲ್ಲಾರೂ ಕೇಳ್ತಾರ, ದಾಕ್ಷಾಯಿಣಿ ಯಾಕ ಬಿಟ್ಟು ಹೋದ್ಲು ಅಂತ. ಯವ್ವಾ, ನಾ ನಿಮ್ಮನ್ನ ಒಂದ ಮಾತ ಕೇಳ್ತೇನಿ. ನೀವು ಉಡಿ ಯಾವಾಗ ತುಂಬ್ತೀರಿ? ಮಗಳು ಮನ್ಯಾಗ ಕುಂತಾಗೋ, ಹೊಂಟು ನಿಂತಾಗೋ?”

“ಹೊಂಟು ನಿಂತಾಗ!” ಎಂದರು ಹೆಂಗಸರು.

“ಮತ್ತ! ನೀವೇ ಉಡಿ ತುಂಬಿ ಕಳಸೀರಿ, ನಾ ಹೋಗೇನಿ. ಗಂಡನ ಮನಿ ಛಲೋ ಐತಿ. ಈಗ ಮತ್ತ ತವರಿಗೆ ಬಂದೇನಿ. ಬರಗೈಲೆ ಕಳಸ್ತೀರೇನು?”

ನಗೆ ಉಕ್ಕಿತು. ಚಪ್ಪಾಳೆ ಬಿತ್ತು. ಮುದುಕಿಯೊಬ್ಬಳು ಬಾಯಿಗೆ ಸೆರಗು ಹಚ್ಚಿ ಭುಜ ಕುಣಿಸಿ ನಕ್ಕಳು. ಪ್ರಭಾವತಿಯ ತುಟಿಯೂ ತಾನಾಗಿ ಅಗಲವಾಯಿತು, ಅದು ಗೊತ್ತಾದ ಗಳಿಗೆಯಲ್ಲೇ ಆಕೆಗೆ ಮೈ ಉರಿದುಹೋಯಿತು. ದಾಕ್ಷಾಯಿಣಿ ಸುಳ್ಳು ಹೇಳಿದ್ದರೆ ಎದುರು ನುಡಿಯಬಹುದಿತ್ತು. ಹೇಳಿದ್ದು ನಿಜವೇ ಆಗಿತ್ತು. ಮಗಳನ್ನು ಇಟ್ಟುಕೊಳ್ಳಬೇಕೆಂದು ಯಾವ ತಾಯಿಯೂ ಉಡಿ ತುಂಬುವುದಿಲ್ಲ. ಕಳಿಸುವ ಶಾಸ್ತ್ರವನ್ನು ಉಳಿಸಿಕೊಳ್ಳುವ ಶಾಸ್ತ್ರವೆಂದು ಓಣಿಗೆಲ್ಲ ಸಾರಿದ್ದವಳು ತಾನು. ಇಷ್ಟು ವರ್ಷ ಎಷ್ಟು ಹೆಣ್ಣುಮಕ್ಕಳ ಉಡಿ ತುಂಬಿದ್ದ ಕೈ ಇದು, ಇಷ್ಟು ಸಣ್ಣ ಮಾತು ಹೊಳೆದಿರಲಿಲ್ಲ.

“ಬಾ ಪ್ರಭಕ್ಕಾ” ಎಂದು ದಾಕ್ಷಾಯಿಣಿ ಸೆರಗು ಒಡ್ಡಿದಳು. ಫೋನು, ಕ್ಯಾಮೆರಾಗಳೆಲ್ಲ ಮೇಲೆದ್ದವು.

ಪ್ರಭಾವತಿ ತಟ್ಟೆ ಹಿಡಿದು ಕಟ್ಟೆ ಹತ್ತಿದಳು. ಅಕ್ಕಿಯನ್ನು ನೋಡಿದಳು. ಒಂದೇ ಚೀಲದ, ಒಂದೇ ಬಣ್ಣದ ಅಕ್ಕಿ. ಹೋದ ಸಲ ಒಬ್ಬೊಬ್ಬಳದು ಒಂದೊಂದು ನಮೂನೆ ಇತ್ತು. ರೇಷನ್ನಿನದು, ದಪ್ಪನೆಯದು, ನುಚ್ಚು ಬೆರೆತದ್ದು.

“ಈ ಅಕ್ಕಿ ಯಾರ ಮನೀದವ್ವಾ?”

“ಎಲ್ಲಾ ನಿಮ್ಮದೇ ಅಲ್ಲಕ್ಕಾ?”

“ನಮ್ಮದಲ್ಲ. ಟೆಂಪೋದಾಗಿಂದು. ತವರಿನ ಅಕ್ಕೀನೂ ನೀನೇ ಹೊತ್ಕೊಂಡ ಬಂದಿ ಅಂದ್ರ ತವರು ಯಾತಕ್ಕ ಬೇಕು?”

ದಾಕ್ಷಾಯಿಣಿ ಮೈಕನ್ನು ಬೆನ್ನಿನ ಹಿಂದೆ ಸರಿಸಿದಳು. ಮುಖದ ನಗು ಕದಲಲಿಲ್ಲ. “ಕ್ಯಾಮೆರಾ ಅದಾವು, ಪ್ರಭಕ್ಕಾ. ಒಂದ ಹಿಡಿ ಹಾಕು. ಅವರು ನಿನಗ ವಾರ್ಡಿನ ಟಿಕೀಟು ಕೊಡ್ತೇವಂತ ಎಷ್ಟ ದಿನದಿಂದ ಆಡಸಾಕತ್ತಾರ, ನನಗ ಗೊತ್ತೈತಿ. ನಾ ಖರೇನ ಕೊಡಸ್ತೇನಿ.”

ಹೊರಗೆ ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದ ಆಸೆ ಎರಡೂ ಪಕ್ಷಗಳ ಬಾಯಲ್ಲಿ ಓಡಾಡುತ್ತಿತ್ತು. ಆಡಿಸುವ ದಾರ ಎಲ್ಲಿ ಕಟ್ಟಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಪ್ರಭಾವತಿಗೆ ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆಯೆನಿಸಿತು, ಅದೂ ತನ್ನ ಮೇಲೆಯೇ.

“ಕಳಸಾಕ ಉಡಿ ತುಂಬೋದು ಖರೇ. ಆದ್ರ ಕಳಸೋರು ತವರಿನವರವ್ವಾ. ನೀ ನಮಗ ಹೇಳದ ಹೋದಿ. ನಾವು ಕಳಿಸಿದ್ದಲ್ಲ ಅದು.”

ಮೈಕು ದೂರವಿತ್ತು, ಆ ಮಾತು ಕಟ್ಟೆ ಇಳಿಯಲಿಲ್ಲ. ಪ್ರಭಾವತಿ ತಟ್ಟೆಯನ್ನು ಕಲ್ಲಿನ ಮೇಲಿಟ್ಟು ಪಕ್ಕಕ್ಕೆ ಸರಿದಳು. ಸಾಲಿನಲ್ಲಿದ್ದ ಹಾಜರಾಬಿಯೂ ತನ್ನ ತಟ್ಟೆಯನ್ನು ಬಸಣ್ಣನ ಕೈಗೆ ಮರಳಿ ಕೊಟ್ಟಳು. ಒಂದು ಗಳಿಗೆ ಸಾಲು ನಿಂತಿತು. ಈಗ ಎಲ್ಲರೂ ತಟ್ಟೆ ಇಡುತ್ತಾರೇನೋ ಎಂದು ಪ್ರಭಾವತಿ ಸಾಲಿನ ಕಡೆ ತಿರುಗಿ ನೋಡಿದಳು.

“ಮುಂದ ಬರ್ರಿ, ಮುಂದ ಬರ್ರಿ” ಎಂದ ಬಸಣ್ಣ.

ಸಾಲು ಮುಂದೆ ಬಂತು. ಹಿಂದಿದ್ದವಳು ಪ್ರಭಾವತಿಯ ತಟ್ಟೆಯಲ್ಲಿದ್ದ ಖಣಗಳನ್ನೂ ತನ್ನ ತಟ್ಟೆಗೆ ಹಾಕಿಕೊಂಡು ಉಡಿ ತುಂಬಿದಳು. ಇಳಿದು ಹೋಗುವಾಗ, “ಕೊಡಾಕ ಬಂದದ್ದು ಯಾಕ ಬಿಡಬೇಕ್ರಿ? ನೀರಂತೂ ಕೊಡಂಗಿಲ್ಲ” ಎಂದಳು. ಅದರಲ್ಲಿ ಕುಹಕವಿರಲಿಲ್ಲ. ಬುದ್ಧಿ ಹೇಳುವಂತೆ ಹೇಳಿದಳು.

ಮನೆಗೆ ಬಂದರೆ ಶರಣವ್ವ ಕಟ್ಟೆಯ ಮೇಲೇ ಇದ್ದಳು. ಮೈಕಿನ ಮಾತೆಲ್ಲ ಆಕೆಯ ಕಿವಿಗೆ ಬಿದ್ದಿತ್ತು. “ಒಂದ ಬಾಳ್ವಿ ಬಿಟ್ಟು ಇನ್ನೊಂದ ಮನಿ ಸೇರೋದಕ್ಕ ಉಡಿ ಅನ್ನಂಗಿಲ್ಲ ಬೇ, ಉಡಿಕಿ ಅಂತಾರ” ಎಂದಳು.

ಜೊತೆಗೆ ಬಂದಿದ್ದ ಹಾಜರಾಬಿ ಸುಮ್ಮನಿರಲಿಲ್ಲ. “ಎರಡನೇ ಲಗ್ನಾದಾಕಿ ಹೆಸರ ಯಾಕ ಕೆಡಸ್ತೀರಿ ಆಯೀ? ಆಕಿ ಹೋದ ಮನ್ಯಾಗ ಮುಸರಿ ತಿಕ್ಕಿ ಬಾಳ್ವೆ ಮಾಡ್ತಾಳ. ಹಿಂಗ ಊರ ತುಂಬ ಮೈಕ ಹಚ್ಚಂಗಿಲ್ಲ.”

“ಅದೂ ಖರೇ” ಎಂದು ಶರಣವ್ವ ಒಪ್ಪಿದಳು.

ಮೂವರೂ ನಕ್ಕರು. ನಗು ಬೇಗ ಮುಗಿಯಿತು. ಎದುರು ಮನೆಗೆ ಹೋಗುವ ಮುಂಚೆ ಹಾಜರಾಬಿ, “ನಾಳೆ?” ಎಂದಷ್ಟೇ ಕೇಳಿದಳು. ಪ್ರಭಾವತಿ ಬ್ಯಾರಲ್ಲಿಗೆ ಮುಚ್ಚಳ ಹಾಕುತ್ತ ಯೋಚಿಸಿದಳು. ಇವತ್ತು ತಟ್ಟೆ ಇಟ್ಟದ್ದು ಸುಲಭದ ಕೆಲಸ, ಅದು ಎದುರು ಪಕ್ಷದ ತಟ್ಟೆ. ತನ್ನ ಪಕ್ಷದ ಆರತಿ ತಟ್ಟೆಯನ್ನು ನಾಳೆ ಹಿಡಿದರೆ, ಓಣಿಯವರ ಕಣ್ಣಿಗೆ ಇವತ್ತಿನದು ಟಿಕೆಟಿನ ಲೆಕ್ಕಾಚಾರವಾಗಿ ಕಾಣುತ್ತದೆ. ಹಾಗೆ ಕಂಡರೆ ತಪ್ಪೂ ಅಲ್ಲ.

ಬೆಳಿಗ್ಗೆ ಧ್ವನಿವರ್ಧಕದ ಗಾಡಿ ಓಣಿಯ ಬಾಯಿಗೆ ಬಂತು. “ತವರುಮನಿ ಅಕ್ಕ ತಂಗ್ಯಾರೇ, ನಿಮ್ಮ ಅಣ್ಣ ಶಾಂತಯ್ಯ ನಿಮ್ಮ ಬಾಗಿಲಿಗೆ ಬರಾಕತ್ತಾನ!” ಬಾಡಿಗೆಯದು ಎಂದಿದ್ದ ತವರು ಆತನಿಗೂ ಈಗ ಸ್ವಂತದ್ದಾಗಿತ್ತು. ಪ್ರಭಾವತಿಯ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಎತ್ತಲಿಲ್ಲ. ಟ್ರಂಕು ತೆಗೆದಳು.

ಪತ್ರದ ಮಡಿಕೆ ಹರಿಯುವಷ್ಟು ಹಳತಾಗಿತ್ತು. ಬಿಚ್ಚಿ ಓದಿದಳು. ‘ಶಾಸಕಿ ದಾಕ್ಷಾಯಿಣಿಯವರು ಪಕ್ಷಕ್ಕೆ ದ್ರೋಹ ಬಗೆದಿದ್ದರಿಂದ ಮನನೊಂದು’ ಎಂದು ಶುರುವಾಗಿ ಎರಡು ಪುಟ ಹರಿದಿತ್ತು. ಈಗ ಅದನ್ನು ಕಳಿಸಿದರೆ ಶಾಂತಯ್ಯನ ಪ್ರಚಾರಕ್ಕೇ ಬಳಸುತ್ತಾರೆ. ಹೊಸ ಹಾಳೆ ತೆಗೆದುಕೊಂಡು, ನೆಲಕ್ಕೆ ಕೂತು, ಒಂದೊಂದೇ ಅಕ್ಷರ ದುಂಡಗೆ ಬರೆದಳು: ‘ನಾನು ಪಕ್ಷದ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟಿದ್ದೇನೆ. ಇನ್ನು ಮುಂದೆ ನನ್ನ ಹೆಸರನ್ನು ಯಾವುದಕ್ಕೂ ಲೆಕ್ಕ ಹಿಡಿಯಬಾರದು. ಪಾಲಿಕೆ ಟಿಕೆಟ್ ಕೇಳುವುದಿಲ್ಲ. ಕೊಟ್ಟರೂ ಬೇಡ.’ ಕೊನೆಯ ಎರಡು ಮಾತು ಬರೆಯುವಾಗ ಇಪ್ಪತ್ತು ವರ್ಷದ ಕುರ್ಚಿಗಳೆಲ್ಲ ಕಣ್ಣ ಮುಂದೆ ಬಂದು ಸಾಲಾಗಿ ನಿಂತವು. ಬರೆದು, ಸಹಿ ಹಾಕಿದಳು.

ಹಿತ್ತಲ ಬಾಗಿಲಿನಿಂದ ಹೊರಟು ಅಂಚೆ ಕಚೇರಿಗೆ ಹೋದಳು. ಕೌಂಟರಿನ ಹುಡುಗಿ ಲಕೋಟೆಯ ಮೇಲಿನ ವಿಳಾಸ ಓದಿ ತಲೆಯೆತ್ತಿದಳು.

“ಅಮ್ಮಾರ, ಈ ಆಫೀಸು ಇಲ್ಲೇ ಹಿಂದಿನ ಓಣ್ಯಾಗ ಐತಲ್ರಿ. ಸ್ಪೀಡ್ ಪೋಸ್ಟ್ ಯಾಕ್ರಿ? ಕೈಯಾಗ ಕೊಟ್ಟ ಬರಬಹುದಲ್ರಿ.”

“ಕೈಯಾಗ ಕೊಟ್ರ ತಗೊಳ್ಳಂಗಿಲ್ಲವಾ. ಕುಂದರಸಿ ಚಹಾ ಕೊಡ್ತಾರ.”

ಹುಡುಗಿಗೆ ಅರ್ಥವಾಗಲಿಲ್ಲ. ತೂಕ ಮಾಡಿ, ಚೀಟಿ ಅಂಟಿಸಿ, ಧಪ್ಪೆಂದು ಮುದ್ರೆ ಒತ್ತಿ, ನೋಡದೆಯೇ ಹಿಂದಕ್ಕೆ ಎಸೆದಳು. ಲಕೋಟೆ ಚೀಲದೊಳಗೆ ಬಿದ್ದಿತು.